ಬಾಕಿ ಯಾರದ್ದು?

ಸಾಲ ತೀರಿಸದೋನು ಕೆಟ್ಟೋನು ಅಂತಾರೆ. ಯಾರು ಹಾಗನ್ನೋರು? ಸಾಲ ಕೊಟ್ಟೋರು.

ನಮ್ಮ ಕೇರಿಗಳಲ್ಲಿ ಸಾಲ ತೀರದಿದ್ದರೆ ಏನಾಗುತ್ತಿತ್ತು ಗೊತ್ತೇನ್ರಿ? ಮದುವೆಗೋ ಮಣ್ಣಿಗೋ ಅಪ್ಪ ತಂದ ನೂರಿನ್ನೂರಕ್ಕೆ ಮಗ ಜೀತಕ್ಕೆ ಬೀಳುತ್ತಿದ್ದ. ಹೆಬ್ಬೆಟ್ಟು ಅಪ್ಪನದು, ಲೆಕ್ಕ ಧಣಿಯದು. ದುಡಿದದ್ದು ಬಡ್ಡಿಗೆ ಹೋಯ್ತು, ಅಸಲು ಹಾಗೇ ಇದೆ ಅನ್ನೋನು.

1976ರಲ್ಲಿ ಕಾನೂನು ಬಂತು. ಜೀತದ ಸಾಲ ತೀರಿಸಬೇಕಾಗಿಲ್ಲ, ಜೀತಕ್ಕಿಟ್ಟುಕೊಂಡವನಿಗೆ 3 ವರ್ಷದವರೆಗೆ ಜೈಲು ಅಂತ ಬರೆಯಿತು. ಎಷ್ಟೋ ಕೇರಿಗಳಿಗೆ ಆ ಕಾನೂನು ಬರಲೇ ಇಲ್ಲ.

ಆಮೇಲೆ ಧಣಿಯ ಜಾಗಕ್ಕೆ ಮೈಕ್ರೋಫೈನಾನ್ಸ್ ಬಂತು. ವಾರದ ಕಂತು ತಪ್ಪಿದರೆ ಬಾಗಿಲಲ್ಲಿ ಬೈಗುಳ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಬಡವಿಗೆ ಬಡವಿಯನ್ನೇ ಕಾವಲಿಟ್ಟರು. ಜನ ಊರು ಬಿಟ್ಟು, ಜೀವ ಬಿಟ್ಟ ಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಬ್ಯಾಂಕುಗಳ ಲೆಕ್ಕದಲ್ಲಿ ಸುಮಾರು 9,000 ಕೋಟಿ ಬಾಕಿಯಿದ್ದ ವಿಜಯ್ ಮಲ್ಯ 2016ರ ಮಾರ್ಚಿನಲ್ಲಿ ಲಂಡನ್ನಿಗೆ ಹಾರಿದರು. ಆಮೇಲೆ ಆಸ್ತಿ ಮಾರಿ ವಸೂಲಿ ಮಾಡಿದರು, ನಿಜ. ಆದರೆ ಅವರ ಮಕ್ಕಳನ್ನು ಯಾರೂ ಸಗಣಿ ಬಾಚೋಕೆ ಇಟ್ಟುಕೊಳ್ಳಲಿಲ್ಲ. ಅಲ್ಲಿ ಸಾಲ ಮುಳುಗಿದರೆ ವ್ಯಾಪಾರದ ನಷ್ಟ, ಇಲ್ಲಿ ಮುಳುಗಿದರೆ ಜಾತಿಯ ಬುದ್ಧಿ!

ಇನ್ನೊಂದು ಲೆಕ್ಕ ಉಳಿದಿದೆ. ತಲೆತಲಾಂತರ ನಮ್ಮೋರು ದುಡಿದ ಬಿಟ್ಟಿ ಚಾಕರಿಯ ಕೂಲಿ ಯಾರ ಮೇಲೆ ಬಾಕಿ? ಅದಕ್ಕೆ ಬಡ್ಡಿ ಎಷ್ಟು? ಆ ಬಾಗಿಲುಗಳಿಗೆ ವಸೂಲಿಗೆ ಹೋಗೋರು ಯಾರು?

ನಾವೇ ಹೋಗಬೇಕು.