ಅಂಜಿಕೆಯ ಬಂಡವಾಳ

ನಮ್ಮ ಸ್ವಂತ ವಿವರಗಳನ್ನು ಪೊಲೀಸರಿಗೆ ಒಪ್ಪಿಸುವುದು ಸರಿಯೆ, ಒಪ್ಪಿಸುವುದಾದರೆ ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆ ಎದ್ದಾಗ ಪ್ರಾಜ್ಞರು ವಿಶ್ವಾಸದ ಮಾತನ್ನಾಡುವರು. ಬೀದರ ಸೀಮೆಯ ಅನುಭವವನ್ನು ನೋಡಿದರೆ ಅದಕ್ಕೂ ಮೊದಲು ಅಂಜಿಕೆಯ ಲೆಕ್ಕವನ್ನು ತೀರಿಸಿಕೊಳ್ಳಬೇಕೆಂದು ನನಗೆ ತೋರುತ್ತದೆ.

ಫೋನಿನ ಪರದೆಯ ಮೇಲೆ ಖಾಕಿ ತೊಟ್ಟವನೊಬ್ಬನು ಮೂಡಿ, ಅಕ್ರಮ ಹಣದ ಮೊಕದ್ದಮೆಯನ್ನು ಹೆಸರಿಸಿ, ಕೋಣೆಯಿಂದ ಕದಲಕೂಡದು, ಮನೆಯವರಿಗೂ ತಿಳಿಸಕೂಡದು ಎಂದು ಗದರಿಸುವ ‘ಡಿಜಿಟಲ್ ಅರೆಸ್ಟ್’ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಆಕಾಶವಾಣಿಯಲ್ಲಿ ಸಾರಿದರು. ಆದಾಗ್ಯೂ 2025ರಲ್ಲಿ ಬೀದರ ಜಿಲ್ಲೆಯ ಔರಾದಿನ ಮಾಜಿ ಶಾಸಕರೊಬ್ಬರು ಇದೇ ಬಲೆಗೆ ಸಿಲುಕಿ 30 ಲಕ್ಷಕ್ಕೂ ಹೆಚ್ಚು ರೂಪಾಯಿ ಕಳೆದುಕೊಂಡರು. ಶಾಸನಸಭೆಯ ಮೆಟ್ಟಿಲೇರಿ ಬಂದವರಿಗೇ ಈ ಗತಿಯಾದ ಮೇಲೆ, ವಂಚಕನ ಬಂಡವಾಳ ಜನರ ಅಜ್ಞಾನವೊಂದೇ ಎನ್ನುವಂತಿಲ್ಲ. ನಿಜಾಮನ ಆಳಿಕೆಯನ್ನೂ ರಜಾಕಾರರ ಹಾವಳಿಯನ್ನೂ 1948ರ ಪೊಲೀಸ್ ಕಾರ್ಯಾಚರಣೆಯನ್ನೂ ಕಂಡ ಹಿರಿಯರಿಂದ ಬಳುವಳಿಯಾಗಿ ಬಂದ, ಠಾಣೆಯೆಂದರೆ ತಲೆತಗ್ಗಿಸಿ ನಿಲ್ಲುವ ಅಭ್ಯಾಸವೂ ಅವನ ಗಂಟಿನಲ್ಲಿದೆ.

ಆ ಅಂಜಿಕೆಗೆ ಇನ್ನೊಂದು ಮುಖವುಂಟು. ಹಣ ಹೋದೊಡನೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಯಾವ ಖಾತೆಯಿಂದ ಎಷ್ಟು ಗಂಟೆಗೆ ಎಷ್ಟು ಹೋಯಿತು, ವಹಿವಾಟಿನ ಸಂಖ್ಯೆ ಯಾವುದು ಎಂಬಿಷ್ಟನ್ನು ತಿಳಿಸಿದರೆ, ಅದು ಖಾತೆಯಿಂದ ಖಾತೆಗೆ ಹಾರಿ ಕರಗುವ ಮೊದಲು ತಡೆಹಿಡಿಯಲು ಅವಕಾಶವಿರುತ್ತದೆ. ಆದರೆ ಸುಳ್ಳು ಪೊಲೀಸನ ಮುಂದೆ ಎಲ್ಲವನ್ನೂ ಬಿಚ್ಚಿಟ್ಟವನು, ನಿಜವಾದ ಪೊಲೀಸನ ಮುಂದೆ ಮಾನಕ್ಕಂಜಿ ಬಾಯಿ ಕಟ್ಟಿಕೊಂಡು ಕುಳಿತುಬಿಡುವನು.

ಹಾಗಾದರೆ ನಿಜವಾದ ಪೊಲೀಸರು ಕೇಳಿದ್ದನ್ನೆಲ್ಲ ಕೊಟ್ಟುಬಿಡಬಹುದಲ್ಲ, ತಪ್ಪು ಮಾಡದವನಿಗೆ ಮುಚ್ಚಿಡಲು ಏನಿದೆ ಎನ್ನುವವರಿದ್ದಾರೆ. ಆದರೆ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಸ್ವೀಕರಿಸಕೂಡದೆಂದು 1872ರ ಸಾಕ್ಷ್ಯ ಕಾಯಿದೆಯೇ ವಿಧಿಸಿತ್ತು. ಅದರ ಸ್ಥಾನಕ್ಕೆ ಬಂದ 2023ರ ಸಾಕ್ಷ್ಯ ಅಧಿನಿಯಮವೂ ಆ ಎಚ್ಚರವನ್ನು ಉಳಿಸಿಕೊಂಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಹೀಗಿದ್ದೂ 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಅಪರಾಧದ ತನಿಖೆಗೆ ವಿನಾಯಿತಿಯನ್ನಿತ್ತಿರುವುದರಿಂದ, ಏಕೆ ಬೇಕು, ಯಾವ ಪ್ರಕರಣಕ್ಕೆ, ಬರಹದಲ್ಲಿ ಕೊಡುವಿರಾ ಎಂದು ಕೇಳುವ ಹೊಣೆ ಪ್ರಜೆಯ ಮೇಲೆಯೇ ಬೀಳುತ್ತದೆ.

ಭಾಲ್ಕಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ವೃದ್ಧರೊಬ್ಬರು ತಮ್ಮ ಆಧಾರ್ ಪ್ರತಿಯ ಮೇಲೆ ಅಡ್ಡಲಾಗಿ ಎರಡು ಗೆರೆ ಎಳೆದು, ನಡುವೆ ‘ಗ್ಯಾಸ್ ಸಲುವಾಗಿ ಮಾತ್ರ’ ಎಂದು ಬರೆದು, ತಾರೀಖು ಹಾಕಿ ರುಜು ಮಾಡಿದ್ದನ್ನು ಕಂಡಿದ್ದೇನೆ. ಅವರು ಕೊಡಲೊಲ್ಲೆನೆನ್ನಲಿಲ್ಲ, ಕೊಟ್ಟುದಕ್ಕೆ ಒಂದು ಮೇರೆಯನ್ನು ಹಾಕಿದರು. ಅಂಥ ಗೆರೆಯನ್ನು ಉದ್ಧಟತನವೆಂದು ಬಗೆಯದೆ ನಮ್ಮ ಠಾಣೆಗಳ ಮೇಜುಗಳೂ ಸ್ವೀಕರಿಸುವಂತಾದರೆ, ಜನರು ನಿಜವಾದ ಪೊಲೀಸರಿಗೆ ಮನಬಿಚ್ಚಿ ಹೇಳಿಯಾರು. ಪ್ರಶ್ನೆಯನ್ನು ಕೇಳಿದ ಕೂಡಲೇ ಗದರಿಸುವವನು ಪೊಲೀಸನಲ್ಲವೆಂದು ಬೀದರಿನ ಒಬ್ಬ ಅಜ್ಜಿಯೂ ಆಗ ನಿಶ್ಚಯಿಸಿ ಫೋನನ್ನು ಕೆಳಗಿಟ್ಟಾಳು.