ಎರಡನೆಯ ಹೆಜ್ಜೆ

ಮೊದಲು ಹೆಜ್ಜೆಯಿಟ್ಟವನನ್ನು ಲೋಕ ಮರೆಯುವುದಿಲ್ಲ. ಅವನ ಬೆನ್ನಿಗೇ ಅದೇ ಮುಳ್ಳಿನ ಹಾದಿಯನ್ನು ತುಳಿದವನ ಹೆಸರು ಮಾತ್ರ ಎಷ್ಟೋ ವೇಳೆ ಜನರ ನಾಲಗೆಯ ಮೇಲೆ ನಿಲ್ಲದು. ಅಮೆರಿಕದ ಬೇಸ್‌ಬಾಲ್ ಆಟಗಾರ ಲ್ಯಾರಿ ಡೋಬಿಯವರ ಬಾಳು ಇದಕ್ಕೆ ನಿದರ್ಶನ.

ಆ ದೇಶದ ಬೇಸ್‌ಬಾಲಿನಲ್ಲಿ ನ್ಯಾಷನಲ್ ಲೀಗ್, ಅಮೆರಿಕನ್ ಲೀಗ್ ಎಂಬ ಎರಡು ಮಹಾಕೂಟಗಳಿವೆ. ಹಲವು ದಶಕಗಳ ಕಾಲ ಇವೆರಡರ ಬಾಗಿಲೂ ಕರಿಯ ಜನಾಂಗದವರಿಗೆ ಮುಚ್ಚಿದ್ದಿತು. ಅವರು ತಮ್ಮವೇ ಆದ ಪ್ರತ್ಯೇಕ ತಂಡಗಳಲ್ಲಿ ಆಡಬೇಕಾಗಿತ್ತು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ನ್ಯಾಷನಲ್ ಲೀಗಿನ ಬಾಗಿಲನ್ನು ತೆರೆದರು. ಹನ್ನೊಂದು ವಾರಗಳ ತರುವಾಯ, ಜುಲೈ 5ರಂದು, ಅಮೆರಿಕನ್ ಲೀಗಿನ ಹೊಸ್ತಿಲನ್ನು ದಾಟಿದವರು ಡೋಬಿ.

1923ರಲ್ಲಿ ದಕ್ಷಿಣ ಕ್ಯಾರೊಲೈನಾದ ಕ್ಯಾಮ್ಡೆನ್‌ನಲ್ಲಿ ಹುಟ್ಟಿದ ಡೋಬಿಗೆ ಆಗ ಇಪ್ಪತ್ತಮೂರು ವರ್ಷ. ರಾಬಿನ್ಸನ್ನರಿಗೆ ಕೆಳದರ್ಜೆಯ ತಂಡವೊಂದರಲ್ಲಿ ಒಂದು ವರ್ಷದ ಸಿದ್ಧತೆ ದೊರೆತಿತ್ತು. ಡೋಬಿಗೆ ಅದೂ ಇಲ್ಲ. ಜುಲೈ 4ರಂದು ಕರಿಯರ ತಂಡವಾದ ನ್ಯೂಆರ್ಕ್ ಈಗಲ್ಸ್ ಪರವಾಗಿ ಆಡಿದವರು, ಮರುದಿನವೇ ಷಿಕಾಗೊ ನಗರದಲ್ಲಿ ಕ್ಲೀವ್‌ಲೆಂಡ್ ಇಂಡಿಯನ್ಸ್ ತಂಡದ ಉಡುಪು ತೊಟ್ಟು ನಿಂತರು. ಪರಿಚಯದ ವೇಳೆ ಅವರು ಚಾಚಿದ ಕೈಯನ್ನು ಸಹ ಆಟಗಾರರಲ್ಲಿ ಕೆಲವರು ಹಿಡಿಯಲಿಲ್ಲ. ಒಂಟಿಯಾಗಿ ನಿಂತವರನ್ನು ಚೆಂಡಿನ ಅಭ್ಯಾಸಕ್ಕೆ ಕರೆದವರು ಜೋ ಗಾರ್ಡನ್. ಆ ವರ್ಷ ಡೋಬಿ ಬ್ಯಾಟು ಬೀಸಿದ 32 ಸರದಿಗಳಲ್ಲಿ ಸಫಲವಾದುವು ಐದೇ.

ಆದರೂ ಅವರು ಎದೆಗುಂದಲಿಲ್ಲ. 1948ರಲ್ಲಿ ತಂಡದವರು ಅವರನ್ನು ಮೈದಾನದ ಹೊರವಲಯದ ಕಾವಲಿಗೆ ನಿಲ್ಲಿಸಿದರು. ಹಿಂದಿನ ತಲೆಮಾರಿನ ಮೇರು ಆಟಗಾರ ಟ್ರಿಸ್ ಸ್ಪೀಕರ್ ಆ ಕಲೆಯನ್ನು ಕಲಿಸಿಕೊಟ್ಟರು. ತಂಡದ ಹೋಟೆಲಿನಲ್ಲಿ ತಂಗಲು ಅವಕಾಶವಿಲ್ಲದ ಊರುಗಳಲ್ಲಿ ಬೇರೆಡೆ ಆಶ್ರಯ ಪಡೆಯುತ್ತಲೇ ಡೋಬಿ ಆಟದಲ್ಲಿ ಪಳಗಿದರು.

ಅದೇ ವರ್ಷ ಅಕ್ಟೋಬರ್ 9ರಂದು, ಎರಡು ಲೀಗುಗಳ ವಿಜೇತರು ಸೆಣಸುವ ವರ್ಲ್ಡ್ ಸೀರೀಸ್‌ನ ನಾಲ್ಕನೆಯ ಪಂದ್ಯ. ಎಂಬತ್ತೊಂದು ಸಾವಿರಕ್ಕೂ ಮಿಕ್ಕ ಜನರ ಮುಂದೆ ಡೋಬಿ ಚೆಂಡನ್ನು ಮೈದಾನದಾಚೆಗೆ ಅಟ್ಟಿದರು. ಕ್ಲೀವ್‌ಲೆಂಡ್ 2-1ರಿಂದ ಗೆದ್ದಿತು. ಆ ದಿನ ಚೆಂಡೆಸೆದು ಗೆಲುವು ತಂದಿದ್ದ ಬಿಳಿಯ ಆಟಗಾರ ಸ್ಟೀವ್ ಗ್ರೋಮೆಕ್ ಅವರನ್ನು ಬಾಚಿ ತಬ್ಬಿಕೊಂಡರು. ಕೆನ್ನೆಗೆ ಕೆನ್ನೆ ತಾಗಿಸಿ ನಗುತ್ತಿದ್ದ ಇಬ್ಬರ ಛಾಯಾಚಿತ್ರ ದೇಶದ ಪತ್ರಿಕೆಗಳಲ್ಲಿ ಮೂಡಿತು. ತಮ್ಮ ಹೊಡೆತಕ್ಕಿಂತ ಆ ಚಿತ್ರವೇ ಹೆಚ್ಚಿನದೆಂದು ಡೋಬಿ ಮುಂದೆ ನೆನೆಯುತ್ತಿದ್ದರು. ಕೈಕುಲುಕಲೂ ಹಿಂಜರಿದವರನ್ನು ಕಂಡಿದ್ದ ಜೀವಕ್ಕೆ ಆ ಅಪ್ಪುಗೆಯ ಬೆಲೆ ತಿಳಿದಿತ್ತು.

1952 ಮತ್ತು 1954ರಲ್ಲಿ ತಲಾ 32 ಹೋಮ್ ರನ್ ಹೊಡೆದು ಅವರು ಅಮೆರಿಕನ್ ಲೀಗಿನಲ್ಲಿ ಅಗ್ರಗಣ್ಯರಾದರು. 1978ರಲ್ಲಿ ಷಿಕಾಗೊ ವೈಟ್ ಸಾಕ್ಸ್ ತಂಡದ ಮ್ಯಾನೇಜರ್ ಪದವಿ ದೊರೆಯಿತು. ಕರಿಯ ಜನಾಂಗದವರಲ್ಲಿ ಆ ಪಟ್ಟಕ್ಕೇರಿದ ಎರಡನೆಯವರು; ಇಲ್ಲಿಯೂ ಎರಡನೆಯವರೇ! ಬೇಸ್‌ಬಾಲಿನ ಕೀರ್ತಿಮಂದಿರ ರಾಬಿನ್ಸನ್ನರನ್ನು 1962ರಲ್ಲಿ ಬರಮಾಡಿಕೊಂಡರೆ, ಡೋಬಿ 1998ರವರೆಗೆ ಕಾಯಬೇಕಾಯಿತು. 2003ರಲ್ಲಿ ಅವರು ತೀರಿಕೊಂಡರು. ಅಮೆರಿಕದ ಸಂಸತ್ತಿನ ಚಿನ್ನದ ಪದಕ ಅವರ ಮನೆಯವರ ಕೈಸೇರಿದ್ದು 2023ರ ಡಿಸೆಂಬರ್ 13ರಂದು, ಅವರ ನೂರನೆಯ ಹುಟ್ಟುಹಬ್ಬದ ದಿನ.

ಮೊದಲಿಗನು ಬಾಗಿಲು ತೆರೆದನೆಂದು ಹಿಂದೆ ಬಂದವನ ನೋವು ಕಡಿಮೆಯಾಗುವುದಿಲ್ಲ. ಅವನೂ ಹೆಜ್ಜೆಯಿಟ್ಟಾಗಲೇ ಅದು ದಾರಿಯಾಗುತ್ತದೆ.