ಬೇಸಿಗೆಯಲ್ಲಿ ಗಾಲ್ಫ್ ಮೈದಾನವೂ ಸ್ವಲ್ಪ ಒಣಗಲಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಸುತ್ತಮುತ್ತಲ ಊರುಗಳಲ್ಲಿ ಹೊಲ ಕಂದು, ಗೋಮಾಳ ಕಂದು, ಕೆರೆ ಅಂಗಳದಲ್ಲಿ ಬಿರುಕು. ಅದೇ ಸೀಮೆಯಲ್ಲಿ ಕಾಂಪೌಂಡ್ ಒಳಗಿನ ಗಾಲ್ಫ್ ಮೈದಾನ ಮಾತ್ರ ಹಚ್ಚಹಸಿರು. ದೊಡ್ಡವರ ಆಟ, ನಮಗೇಕೆ ಅದರ ಚಿಂತೆ ಎಂದು ನೀವು ಕೇಳಬಹುದು. ಆಟ ಅವರದು, ಆದರೆ ನೆಲದಡಿಯ ನೀರು ಎಲ್ಲರದು. ಅದಕ್ಕೇ ನಾವು ಹೇಳುವುದು ಒಂದೇ ಮಾತು: ಮುಂಗಾರು ಬರುವ ತನಕ ಆ ಮೈದಾನದ ಬಹುಪಾಲು ಒಣಗಲು ಬಿಡಿ. ಹುಲ್ಲು ಸಾಯುವುದಿಲ್ಲ, ಆಟವೂ ನಿಲ್ಲುವುದಿಲ್ಲ.

ಹುಲ್ಲು ಸಾಯುವುದಿಲ್ಲ ಎಂದು ನಾವು ಧೈರ್ಯವಾಗಿ ಹೇಳಲು ಕಾರಣವಿದೆ. ಗಾಲ್ಫ್‌ನವರು 'ಬರ್ಮುಡಾ ಗ್ರಾಸ್' ಎಂದು ಕರೆಯುವುದು ಬೇರೇನೂ ಅಲ್ಲ, ನಮ್ಮ ಗರಿಕೆ. ಗಣಪತಿಗೆ ಏರಿಸುವ ಗರಿಕೆ, ಹೊಲಕ್ಕೆ ಹೊಕ್ಕರೆ ಮೂರು ಸಲ ಉತ್ತರೂ ಹೋಗದ ಗರಿಕೆ. ಮೈದಾನಗಳಲ್ಲಿ ಹಾಕುವ ಹೆಸರುವಾಸಿ ತಳಿಗಳು ಈ ಗರಿಕೆಯನ್ನು ಆಫ್ರಿಕಾದ ಅದರ ದಾಯಾದಿ ಹುಲ್ಲಿನ ಜೊತೆ ಕೂಡಿಸಿ ಮಾಡಿದವು. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಈ ಕೆಲಸ ಮಾಡಿದರು. ಅವರದೇ ಸಜ್ಜೆ ತಳಿಯನ್ನು ತಾಯಿ ಸಾಲಾಗಿ ಬಳಸಿ 1965ರಲ್ಲಿ ನಮ್ಮ ದೇಶದ ಎಚ್‌ಬಿ-1 ಹೈಬ್ರಿಡ್ ಸಜ್ಜೆ ಬಂತು. ಅಂದರೆ ಈ ಹುಲ್ಲು ನಮಗೆ ತೀರಾ ಹೊರಗಿನದಲ್ಲ. ಅದರ ಗುಣ ರೈತರಿಗೆ ಗೊತ್ತೇ ಇದೆ. ನೀರು ಸಿಗದಿದ್ದರೆ ಎಲೆ ಒಣಗಿಸಿಕೊಂಡು ನೆಲದೊಳಗಿನ ಗೆಣ್ಣಿನಲ್ಲಿ ಜೀವ ಹಿಡಿದು ಕೂರುತ್ತದೆ. ಎರಡು ಹದ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ.

ಈಗ ಮೈದಾನದ ಕೆಲಸ ಹೇಗೆ ನಡೆಯುತ್ತದೆ ನೋಡೋಣ. 18 ಗುಂಡಿಗಳ ಮೈದಾನವೆಂದರೆ ಸಾಮಾನ್ಯವಾಗಿ ನೂರು ಎಕರೆಗೂ ಹೆಚ್ಚು. ಅದರಲ್ಲಿ ಚೆಂಡು ಹೊಡೆಯಲು ಶುರು ಮಾಡುವ ಜಾಗ 'ಟೀ'. ನಡುವಿನ ಅಗಲವಾದ ದಾರಿ 'ಫೇರ್‌ವೇ'. ಗುಂಡಿ ಇರುವ ನುಣುಪು ಜಾಗ 'ಗ್ರೀನ್'. ಉಳಿದದ್ದೆಲ್ಲ 'ರಫ್', ಅಂದರೆ ಚೆಂಡು ದಾರಿ ತಪ್ಪಿದರೆ ಮಾತ್ರ ಹೋಗುವ ಜಾಗ. ಎಲ್ಲಕ್ಕಿಂತ ನಾಜೂಕು ಗ್ರೀನ್. ಅಲ್ಲಿ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ, ಹೆಚ್ಚುಕಡಿಮೆ ದಿನಾ, ಕತ್ತರಿಸುತ್ತಾರೆ. ಅಷ್ಟು ಮೋಟಾದ ಹುಲ್ಲಿನ ಬೇರು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಸುಡುಬಿಸಿಲಲ್ಲಿ ಅದಕ್ಕೆ ಆರೈಕೆ ಬೇಕೇ ಬೇಕು, ಅದಕ್ಕೆ ನಮ್ಮ ತಕರಾರಿಲ್ಲ.

ಈ ಆರೈಕೆ ಮಾಡುವವರು ಬಹುತೇಕ ನಮ್ಮಂಥ ಹಳ್ಳಿಗಳಿಂದ ಹೋದವರೇ. ಬೆಳಕು ಹರಿಯುವ ಮೊದಲೇ ಅವರ ದಿನ ಶುರು. ಇಬ್ಬನಿ ಒರೆಸಬೇಕು, ಹುಲ್ಲು ಕತ್ತರಿಸಬೇಕು, ಗುಂಡಿಯ ಜಾಗ ಬದಲಿಸಬೇಕು, ಮರಳುಗುಂಡಿಗಳನ್ನು ಹರಗಿ ಸಮ ಮಾಡಬೇಕು. ಹೆಣ್ಣುಮಕ್ಕಳು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಾರೆ. ನೆಲ ಗಟ್ಟಿಯಾದರೆ ಮೊಳೆಯಂಥ ಕೊಳವೆಗಳಿರುವ ಯಂತ್ರದಿಂದ ತೂತು ಹಾಕಿ ಮೇಲೆ ಮರಳು ಹರಡುತ್ತಾರೆ, ಬೇರಿಗೆ ಗಾಳಿ ಆಡಲಿ ಎಂದು.

ಅನುಭವಸ್ಥ ಕೆಲಸಗಾರ ನೀರು ಬಿಡುವ ಮೊದಲು ಹುಲ್ಲನ್ನು ತುಳಿದು ನೋಡುತ್ತಾನೆ. ಹೆಜ್ಜೆ ಗುರುತು ಏಳದೆ ಹಾಗೇ ಉಳಿದರೆ, ಹುಲ್ಲಿನ ಬಣ್ಣ ಬೂದಿಗೆ ತಿರುಗಿದರೆ, ಆಗ ಪೈಪ್ ಹಿಡಿದು ಒಣಗಿದ ಜಾಗಕ್ಕಷ್ಟೇ ನೀರು ಕೊಡುತ್ತಾನೆ. ದಿನಾ ಸ್ವಲ್ಪ ಸ್ವಲ್ಪ ನೀರು ಕುಡಿಸಿದರೆ ಬೇರು ಮೇಲೇ ಉಳಿದು ಹುಲ್ಲು ಸೋಮಾರಿಯಾಗುತ್ತದೆ, ರೋಗವೂ ಹತ್ತುತ್ತದೆ ಎಂಬುದು ಅವನಿಗೆ ಗೊತ್ತು. ತರಕಾರಿ ಬೆಳೆಯುವ ನಿಮಗೂ ಗೊತ್ತು. ಒಳ್ಳೆಯ ಆರೈಕೆ ಎಂದರೆ ಹೆಚ್ಚು ನೀರಲ್ಲ, ಬೇಕಾದಲ್ಲಿ ಬೇಕಾದಷ್ಟು ನೀರು.

ತೊಂದರೆ ಬರುವುದು ಇಡೀ ಮೈದಾನ ಹಸಿರಾಗಿಯೇ ಕಾಣಬೇಕು ಎಂದು ಹಟ ಹಿಡಿದಾಗ. ಒಂದು ಸರಳ ಲೆಕ್ಕ ಹಾಕೋಣ. ಒಂದು ಎಕರೆಗೆ ಒಂದು ಮಿಲಿಮೀಟರ್ ನೀರು ಹಾಯಿಸಿದರೆ ಸುಮಾರು 4,000 ಲೀಟರ್. ಬಿರುಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್‌ನಂತೆ 100 ಎಕರೆಗೆ ಕೊಟ್ಟರೆ 20 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಆದರೆ 330ಕ್ಕೂ ಹೆಚ್ಚು ಲೋಡು. ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಇಟ್ಟಿದ್ದಾರೆ. ಆ ಲೆಕ್ಕದಲ್ಲಿ ಇದು 36,000 ಜನರ ಒಂದು ದಿನದ ನೀರು.

ಈಗ ಇನ್ನೊಂದು ಲೆಕ್ಕ. ಗ್ರೀನ್‌ಗಳೆಲ್ಲ ಸೇರಿ ಮೂರು ಎಕರೆ, ಟೀಗಳು ಸೇರಿ ಇನ್ನು ಮೂರು ಎಕರೆ ಎಂದಿಟ್ಟುಕೊಳ್ಳಿ. ಇವಕ್ಕೆ ಪೂರ್ತಿ 5 ಮಿಲಿಮೀಟರ್ ಕೊಟ್ಟರೂ 1.2 ಲಕ್ಷ ಲೀಟರ್ ಸಾಕು. 30 ಎಕರೆ ಫೇರ್‌ವೇಗೆ ಜೀವ ಹಿಡಿಯುವಷ್ಟು, 2 ಮಿಲಿಮೀಟರ್ ಕೊಟ್ಟರೆ 2.4 ಲಕ್ಷ. ಒಟ್ಟು 3.6 ಲಕ್ಷ ಲೀಟರ್. ರಫ್‌ಗೆ ಸೊನ್ನೆ. ಆಟ ಆಡುವ ಜಾಗವೆಲ್ಲ ಉಳಿಯಿತು, ನೀರು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಮಿಕ್ಕ ನಾಲ್ಕು ಪಾಲು ನೀರು ಕಣ್ಣಿಗೆ ಹಸಿರು ಕಾಣಲಿ ಎಂದು ಸುರಿಯುತ್ತಿದ್ದದ್ದು.

ಈ ಹಸಿರಿನ ಹುಚ್ಚು ಟಿವಿಯಿಂದ ಬಂದದ್ದು. ಅಮೆರಿಕದ ಆಗಸ್ಟಾ ನ್ಯಾಷನಲ್ ಮೈದಾನದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಪಂದ್ಯ ನಡೆಯುತ್ತದೆ. ಅಲ್ಲಿನ ಕಲೆಯಿಲ್ಲದ ಹಸಿರನ್ನು ನೋಡಿ ಲೋಕದ ಎಷ್ಟೋ ಕ್ಲಬ್‌ಗಳು ನಮಗೂ ಹಾಗೇ ಬೇಕು ಎನ್ನುತ್ತವೆ. ಆದರೆ ಆ ಆಗಸ್ಟಾ ಮೈದಾನ ಬೇಸಿಗೆ ಪೂರ್ತಿ ಬಾಗಿಲು ಹಾಕಿರುತ್ತದೆ, ಅಕ್ಟೋಬರ್‌ಗೆ ಮತ್ತೆ ತೆರೆಯುತ್ತದೆ. ಅಂದರೆ ಅವರ ವಸಂತದ ಬಣ್ಣವನ್ನು ನಾವು ನಮ್ಮ ಬಿರುಬೇಸಿಗೆಯಲ್ಲಿ ತರಲು ಹೊರಟಿದ್ದೇವೆ.

ಕಂದು ಮೈದಾನದಲ್ಲಿ ದೊಡ್ಡ ಆಟ ಆಡಲಾಗದೇ? 2006ರಲ್ಲಿ ಇಂಗ್ಲೆಂಡಿನ ಹೊಯ್‌ಲೇಕ್‌ನಲ್ಲಿ ಬ್ರಿಟಿಷ್ ಓಪನ್ ನಡೆದಾಗ ಹುಲ್ಲು ಒಣಗಿ ಗೋಧಿ ಬಣ್ಣಕ್ಕೆ ತಿರುಗಿತ್ತು. ಗೆದ್ದವರು ಟೈಗರ್ ವುಡ್ಸ್. ಗಟ್ಟಿ ನೆಲದಲ್ಲಿ ಚೆಂಡು ದೂರ ಉರುಳುತ್ತದೆ, ಬಲಕ್ಕಿಂತ ಬುದ್ಧಿ ಬೇಕಾಗುತ್ತದೆ. ಅಮೆರಿಕದ ಪೈನ್‌ಹರ್ಸ್ಟ್‌ನ ಎರಡನೇ ಮೈದಾನದಲ್ಲಿ 2010-11ರಲ್ಲಿ ಸುಮಾರು 35 ಎಕರೆಗೂ ಹೆಚ್ಚು ಹುಲ್ಲುಹಾಸನ್ನೇ ಕಿತ್ತು, ಮರಳು ಮತ್ತು ಕಾಡುಹುಲ್ಲಿಗೆ ಬಿಟ್ಟರು. ಸುಮಾರು 1,150 ಇದ್ದ ಸ್ಪ್ರಿಂಕ್ಲರ್‌ಗಳು 450ಕ್ಕೆ ಇಳಿದವು. 2014ರಲ್ಲಿ ಅಲ್ಲೇ ಗಂಡಸರ ಯುಎಸ್ ಓಪನ್, ಮರುವಾರವೇ ಹೆಂಗಸರ ಯುಎಸ್ ಓಪನ್ ನಡೆಯಿತು.

ಅಷ್ಟು ದೂರ ಹೋಗುವುದೂ ಬೇಡ. ಕೋಲ್ಕತ್ತದಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್ ಶುರುವಾದ ದೇಶ ನಮ್ಮದು. ಇಲ್ಲಿನ ಒಣ ಸೀಮೆಗಳಲ್ಲಿ ಗ್ರೀನ್ ಬದಲು ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ 'ಬ್ರೌನ್'ಗಳ ಮೇಲೆ ಆಡುವ ಪದ್ಧತಿ ಇತ್ತು. ನೆಲಕ್ಕೆ ತಕ್ಕ ಆಟ ಎಂದರೆ ಅದು.

ಇದಕ್ಕೆ ಬರುವ ಉತ್ತರಗಳೂ ನಮಗೆ ಗೊತ್ತು. ಮೊದಲನೆಯದು, ನಾವು ಬಳಸುವುದು ಶುದ್ಧೀಕರಿಸಿದ ಕೊಳಚೆ ನೀರು ಎಂಬುದು. ಹಾಗಿದ್ದರೆ ಒಳ್ಳೆಯದು, ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು. ಆದರೆ ಆ ನೀರಿಗೂ ಈಗ ಬೆಲೆ ಇದೆ. ಬೆಂಗಳೂರಿನ ಅದೇ ಬಗೆಯ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಎರಡನೆಯದು, ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಹೋಗಬೇಕಿಲ್ಲ. ಬಟನ್ ಒತ್ತಿ ಸ್ಪ್ರಿಂಕ್ಲರ್ ಬಿಡುವುದಕ್ಕಿಂತ ಒಣಗಿದ ಜಾಗ ಹುಡುಕಿ ಪೈಪ್ ಹಿಡಿದು ನೀರು ಕೊಡಲು ಹೆಚ್ಚು ಕೈ ಬೇಕು, ಹೆಚ್ಚು ತಿಳಿವಳಿಕೆ ಬೇಕು. ಅದಕ್ಕೆ ತಕ್ಕ ಕೂಲಿಯನ್ನೂ, ಮಧ್ಯಾಹ್ನದ ಬಿಸಿಲಲ್ಲಿ ನೆರಳು ಮತ್ತು ಬಿಡುವನ್ನೂ ಕೊಡಲಿ.

ಮೂರನೆಯದು, ರೈತರೇ ಹೆಚ್ಚು ನೀರು ಎತ್ತುತ್ತಾರೆ ಎಂಬುದು. ಇದು ನಿಜ. ಅಂತರ್ಜಲದ ದೊಡ್ಡ ಪಾಲು ಹೋಗುವುದು ಬೇಸಾಯಕ್ಕೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ ಎಂದು ಮೋಟರ್ ಆನ್ ಮಾಡಿ ಮರೆಯುವವರು ನಮ್ಮಲ್ಲೂ ಇದ್ದಾರೆ, ಡ್ರಿಪ್ ಹಾಕಿಸಿ ನೀರು ಉಳಿಸುವವರೂ ಇದ್ದಾರೆ. ಆದರೆ 2023ರಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದಾಗ ರೈತ ಹೊಲ ಒಣಗಲು ಬಿಟ್ಟ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಿತು. ಅನ್ನ ಬೆಳೆಯುವ ಹೊಲ ಒಣಗಬಹುದಾದರೆ, ಮನೆ ಮುಂದಿನ ಗುಲಾಬಿ ಗಿಡ ಒಣಗಬಹುದಾದರೆ, ಚೆಂಡು ಬೀಳದ ರಫ್ ಯಾಕೆ ಒಣಗಬಾರದು?

ಹಾಗಾದರೆ ಏನು ಮಾಡಬಹುದು? ನಮ್ಮ ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ಪ್ರದೇಶಗಳಲ್ಲಿ ಬೋರ್‌ವೆಲ್ ಕೊರೆಯಲು ಅನುಮತಿ ಬೇಕು. ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಗಾಲ್ಫ್ ಮೈದಾನವೋ ದೊಡ್ಡ ರೆಸಾರ್ಟ್ ಹುಲ್ಲುಹಾಸೋ ಇದ್ದರೆ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಅಲ್ಲಿ ಎಷ್ಟು ಬೋರ್‌ವೆಲ್ ಇವೆ, ಅನುಮತಿ ಇದೆಯೇ? ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಲೀಟರ್, ಯಾವ ನೀರು? ಮೀಟರ್ ಇದ್ದರೆ ಅದರ ಲೆಕ್ಕವನ್ನು ಪಂಚಾಯಿತಿ ಬೋರ್ಡಿನ ಮೇಲೆ ಬರೆಯುತ್ತಾರೆಯೇ? ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅಂತರ್ಜಲ ಇಲಾಖೆಗೆ ಅರ್ಜಿ ಹಾಕಿ.

ಕ್ಲಬ್‌ಗಳಿಗೂ ಒಂದು ಮಾತು. ನಿಮ್ಮ ಮೈದಾನದ ಕೆಲಸಗಾರರನ್ನೇ ಕೂರಿಸಿಕೊಂಡು ಕೇಳಿ, ಎಲ್ಲಿ ನೀರು ನಿಲ್ಲಿಸಬಹುದು ಎಂದು. ಗರಿಕೆ ಎಲ್ಲಿ ಸಾಯುತ್ತದೆ, ಎಲ್ಲಿ ಸಾಯುವುದಿಲ್ಲ ಎಂಬುದನ್ನು ಅವರು ಬೆರಳು ಮಾಡಿ ತೋರಿಸುತ್ತಾರೆ. ಮುಂದಿನ ಮಾರ್ಚ್ ಒಳಗೆ ರಫ್‌ನ ಸ್ಪ್ರಿಂಕ್ಲರ್‌ಗಳನ್ನು ಬಂದ್ ಮಾಡಿ ನೋಡಿ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಹುಲ್ಲು ವಾಪಸ್ ಬಂತೋ ಇಲ್ಲವೋ, ಬೇಲಿಯ ಆಚೆಗಿನ ನಾವೂ ನೋಡುತ್ತೇವೆ.